ಮೆಲ್ಲಗೆ ಮಾತಾಡದ ಬೀದಿ

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ "ಊಟಕ್ಕೆ ಬಾರಮ್ಮ" ಎಂದದ್ದಕ್ಕೇ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಬೈದರೆಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ. ಮನೆಗಳ ಬೆನ್ನಿಗೇ ನದಿ ಬಂಡೆಗಳ ನಡುವೆ ಧುಮುಕುತ್ತದೆ. ದನಿ ಎತ್ತದಿದ್ದರೆ ಪಕ್ಕದಲ್ಲಿರುವ ಗಂಡನಿಗೂ ಕೇಳದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇಲ್ಲಿ ಬೀದಿಯೆಲ್ಲ ಉಂಡು ಮಲಗುವ ತನಕ.

ಆ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುತ್ತಾರಂತೆ. ನೀರನ್ನು ಮೇಲೆಯೇ ತಡೆದು ಸುರಂಗಕ್ಕೆ ತಿರುಗಿಸುತ್ತಾರೆ. ಬೇಕೋ ಬೇಡವೋ ಹೇಳಿ ಎಂದು ಗುಡ್ಡದಾಚೆಯ ಸಭಾಂಗಣದಲ್ಲಿ ವಿಚಾರಣೆ ಇಟ್ಟರು. ಕೇಳಲು ಬಂದ ಅಧಿಕಾರಿಯದೇ ಕೊನೆಯ ಮಾತು. ಅವರು ನದಿಯನ್ನು ನಕ್ಷೆಯಲ್ಲಷ್ಟೇ ನೋಡಿದ್ದರು.

ಅಣೆಕಟ್ಟು ಕಟ್ಟುವ ಕಂಪನಿಯ ಎಂಜಿನಿಯರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. ನಮ್ಮ ಸರದಿ ಬಂದಾಗ ನಮ್ಮ ಬೀದಿಯ ಬೇಕರಿಯವನು ಎದ್ದ. "ನಮಸ್ಕಾರ ಸಾರ್" ಎಂದದ್ದೇ ಕಿಟಕಿಯ ಗಾಜು ನಡುಗಿತು. ಹಿಂದಿನಿಂದ ಉಳಿದವರೂ ದನಿಗೂಡಿಸಿದರು.

"ಯಾಕ್ರೀ ಕಿರುಚ್ತೀರ? ನಾನೇನು ಕಿವುಡನಾ?" ಅಧಿಕಾರಿ ಪೆನ್ನು ಕೆಳಗಿಟ್ಟರು. "ಹೀಗೇ ಗಲಾಟೆ ಮಾಡಿದ್ರೆ ವಿಚಾರಣೆ ಇಲ್ಲಿಗೇ ಮುಗಿಸ್ತೀನಿ. ಮೆಲ್ಲಗೆ ಮಾತಾಡಿ."

ನಮಗದು ಬರಬೇಕಲ್ಲ! ಬೇಕರಿಯವನು ಬಾಯಿ ತೆರೆದು, ಮುಚ್ಚಿ, ಕೂತೇಬಿಟ್ಟ. ನದಿ ಕೈಬಿಟ್ಟು ಹೋಯಿತೆಂದೇ ಅಂದುಕೊಂಡೆ. ಆಗ ಅತ್ತೆ ಎದ್ದರು.

"ಬೈಬೇಡಿ ಸಾರ್. ನಮ್ಮ ಟೈಲರ್ ಅಂಗಡಿಗೆ ಒಂದ್ಸಲ ಬನ್ನಿ. ಆಮೇಲೆ ಬೇಕಾದ್ರೆ ಮುಗಿಸಿ."

ಅಧಿಕಾರಿ ಬಂದರು, ಮುಖ ಗಂಟಿಕ್ಕಿಕೊಂಡೇ; ಹಿಂದೆಯೇ ಎಂಜಿನಿಯರೂ. ಗುಡ್ಡದ ತಿರುವಿನಲ್ಲಿ ಅಧಿಕಾರಿಯ ನಡಿಗೆ ನಿಧಾನವಾಯಿತು. ನಮ್ಮ ನದಿಯ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಸಿಗುತ್ತದೆ. ಅಂಗಡಿಯಲ್ಲಿ ಅತ್ತೆ ಗುಂಡುಪಿನ್ನುಗಳ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು. ಯಾರೂ ಮುಟ್ಟದೆಯೇ ಪಿನ್ನುಗಳು ಕುಣಿಯುತ್ತಿದ್ದವು. ಅಧಿಕಾರಿ ಮೇಜಿಗೆ ಅಂಗೈ ಒತ್ತಿ ನೋಡಿದರು. ಅತ್ತೆ ಹಿಂಬಾಗಿಲು ತೆರೆದರು.

ದಿನವೂ ನೋಡುವ ನನಗೂ ಮೈ ಜುಮ್ಮೆಂದಿತು. ಹಸಿರಾಗಿ ಬಂದ ನೀರು ಬಂಡೆಗಳಿಗೆ ಒಡೆದು, ಬೆಳ್ಳಗೆ ಎದ್ದು, ಮತ್ತೆ ತನ್ನ ಮೇಲೆಯೇ ಬೀಳುತ್ತಿತ್ತು. ಯಾರಪ್ಪನ ಮಾತೂ ಕೇಳದ ನೀರು! ಇಷ್ಟು ದೊಡ್ಡದರ ಪಕ್ಕದಲ್ಲಿ ನಾವು ಬಟ್ಟೆ ಒಣಹಾಕಿಕೊಂಡು ಬದುಕಿದ್ದೇವಲ್ಲ ಎಂದು ಬೆರಗಾಯಿತು.

ಅಧಿಕಾರಿ ತೊಯ್ದ ಕನ್ನಡಕ ತೆಗೆದರು. ಒರೆಸಲಿಲ್ಲ. ಏನೋ ಅಂದರು; ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಜೋರಾಗಿ ಹೇಳಿ ಸಾರ್!" ಅತ್ತೆ ಕೂಗಿದರು.

ಅವರು ಕತ್ತಿನ ನರ ಉಬ್ಬಿಸಿ ಕಿರುಚಿದರು. "ಅಣೆಕಟ್ಟು ಬಂದ್ರೆ ಈ ಸದ್ದು ಇರುತ್ತಾ?"

"ಇರಲ್ಲ ಸಾರ್! ಆಮೇಲೆ ನೀವು ಹೇಳ್ದಂಗೆ ಮೆಲ್ಲಗೆ ಮಾತಾಡ್ತೀವಿ!"

ಅವರು ತೊಯ್ದ ಕನ್ನಡಕವನ್ನು ಹಾಗೇ ಜೇಬಿಗೆ ಹಾಕಿಕೊಂಡರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಎಂಜಿನಿಯರ ಕಡೆ ತಿರುಗಿ, ನಮ್ಮ ಬೇಕರಿಯವನಿಗಿಂತ ಜೋರಾಗಿ ಕೂಗಿದರು.

"ಕುರ್ಚಿ ಎಲ್ಲ ಇಲ್ಲಿಗೇ ತರ್ಸಿ! ನೀವು ಏನು ಹೇಳೋದಿದ್ರೂ ಇದರ ಮುಂದೆ ಹೇಳಿ!"