ಪರದೆಯ ಹಿಂದಿನ ಕಾಲು

ನನ್ನ ಹೊಲಿಗೆ ಮಷಿನ್ನಿನ ಪೆಡಲನ್ನು ನಮ್ಮ ಮನೆಯವರು ಬಿಚ್ಚಿದ್ದು ಎರಡು ಸಾವಿರದ ಇಸವಿಯ ಆಷಾಢದಲ್ಲಿ. ಮದುವೆಗಳಿಲ್ಲದ ತಿಂಗಳು, ಅವರ ಆರ್ಕೆಸ್ಟ್ರಾಕ್ಕೆ ಕೆಲಸವಿರಲಿಲ್ಲ. ನನಗೆ ಗಂಗಾವತಿಯ ಅರ್ಧ ಓಣಿಯ ಕುಪ್ಪಸ ಹೊಲಿಯುವುದಿತ್ತು. ಅದನ್ನು ಕೇಳುವವರು ಯಾರು?

"ಎಂಟು ದಿನ ಕೊಡು ಹೇಮಾ, ವಾಪಸ್ ಹಚ್ಚಿ ಕೊಡ್ತೀನಿ" ಎಂದರು.

ಅವರದು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರು. ಕಾಲಿನಿಂದ ಒತ್ತಿದರೆ ತಂತಿ ಬಿಗಿದು ಸ್ವರ ಮೇಲೇರುವ ಪರದೇಶದ ಗಿಟಾರನ್ನು ಯಾವುದೋ ಕ್ಯಾಸೆಟ್ಟಿನಲ್ಲಿ ಕೇಳಿ ಹುಚ್ಚು ಹಿಡಿದಿತ್ತು. ಕೊಳ್ಳುವ ಮಾತಂತೂ ದೂರ. ಹಾಗಾಗಿ ನನ್ನ ಪೆಡಲು, ಸೈಕಲ್ಲಿನ ಬ್ರೇಕ್ ವೈರು, ಒಂದು ಹಳೆಯ ಸ್ಪ್ರಿಂಗು ಸೇರಿಸಿ ತಮ್ಮ ಗಿಟಾರಿಗೇ ಕಟ್ಟಿದರು. ನಾನು ಕೈಯಿಂದ ಚಕ್ರ ತಿರುಗಿಸಿ ಹೊಲಿಯತೊಡಗಿದೆ.

ಅವರ ಕಾಲೋ, ಒನಕೆ. ಒತ್ತಿದರೆ ಪೂರ್ತಿ, ಬಿಟ್ಟರೆ ಫಟ್ಟನೆ. ತಂತಿ ಎಮ್ಮೆಕರುವಿನ ಹಾಗೆ ಅರಚುತ್ತಿತ್ತು. ಶ್ರಾವಣ ಮುಗಿಯುವವರೆಗೂ ಸಹಿಸಿಕೊಂಡೆ. ಕೊನೆಗೊಂದು ಮಧ್ಯಾಹ್ನ ತಡೆಯಲಾಗಲಿಲ್ಲ.

"ಹಂಗಲ್ರಿ. ಕುಪ್ಪಸದ ಕೊರಳು ಹೊಲಿಯೋ ಮುಂದ ಮಷಿನ್ ಹೆಂಗ ಮೆಲ್ಲಕ ತುಳೀತೀವಿ, ಹಂಗ ತುಳೀರಿ."

"ನೀನ ತುಳದು ತೋರ್ಸು, ನೋಡೋಣು" ಎಂದು ಹಂಗಿಸಿದರು.

ತುಳಿದೆ. ಅವರು ಉಕ್ಕು ಜಾರಿಸಿದರು. ನಾನು ಅರ್ಧ ಒತ್ತಿ, ತಡೆದು, ಮತ್ತಷ್ಟು ಒತ್ತಿದೆ. ಸ್ವರ ಮೆಲ್ಲಗೆ ಏರಿ ನಿಂತಿತು. ನಿಜ ಹೇಳುತ್ತೇನೆ, ನನ್ನ ಸಂಸಾರದಲ್ಲಿ ಅಷ್ಟು ಸುಖದ ಗಳಿಗೆ ಇನ್ನೊಂದಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಕುಪ್ಪಸಗಳು ತಡವಾದವು, ಬೈಗುಳ ನಾನು ತಿಂದೆ. ದೀಪಾವಳಿ ಕಳೆದು ಮದುವೆಗಳು ಶುರುವಾದಾಗ ಬ್ರೇಕ್ ವೈರು ಉದ್ದವಾಗಿ, ಪೆಡಲು ವೇದಿಕೆಯ ಪರದೆಯ ಹಿಂದಕ್ಕೆ ಹೋಯಿತು, ಅದರ ಜೊತೆ ನಾನೂ ಹೋದೆ. ಮುಂದೆ ಅವರು ಬರೀ ತೋರಿಕೆಯ ಹಲಗೆಯೊಂದರ ಮೇಲೆ ಕಾಲಿಟ್ಟು ಕೂರುತ್ತಿದ್ದರು. ಕುಷ್ಟಗಿಯಲ್ಲಿ ಶಾಲು, ಯಲಬುರ್ಗಾದಲ್ಲಿ ಹಾರ. "ಏನ್ ಕಾಲ್ರಿ ಅದು!" ಎಂದು ಜನ ಹೊಗಳುವುದು ನನಗೆ ಪರದೆಯ ಹಿಂದೆಯೇ ಕೇಳಿಸುತ್ತಿತ್ತು.

"ಹಿಂದ ನಾ ಕುಂತಿರ್ತೀನಿ ಅಂತ ಯಾವಾಗ ಹೇಳ್ತೀರಿ?" ಎಂದು ಕೇಳಿದೆ.

"ಕೊಪ್ಪಳದ ಮೆಹಬೂಬಸಾಬ್ರು ಬರ್ಲಿ. ಅವರ ಮುಂದನ ಹೇಳ್ತೀನಿ."

ಮೆಹಬೂಬಸಾಬರು ಈ ಕಡೆಯ ದೊಡ್ಡ ಆರ್ಕೆಸ್ಟ್ರಾದ ಮಾಲೀಕರು. ಒಂದು ಭಾನುವಾರ ಬಂದೇಬಿಟ್ಟರು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಚಹಾ ಕೊಟ್ಟು, ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ.

"ಗೋವಿಂದರಾಜ, ಆ ಕಾಲಿನ ಕೆಲಸ ಒಂದೀಟು ತೋರಿಸ್ರಿ. ಅದನ್ನ ನೋಡಾಕ ಬಂದೀನಿ" ಎಂದರು ಸಾಬರು.

ನಮ್ಮವರು ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

"ಇವತ್ತ ಕಾಲು ಭಾಳ ನೋವ್ರಿ, ಸಾಹೇಬ್ರ. ದಿನಾ ಒತ್ತಿ ಒತ್ತಿ ಹಿಡ್ಕೊಂಡೈತಿ" ಎಂದರು. ಆಮೇಲೆ ನನಗೆ, "ಹೇಮಾ, ಒಂಚೂರು ಎಣ್ಣಿ ಬಿಸಿ ಮಾಡ್ಕೊಂಡು ಬಾ. ತಿಕ್ಕು."

"ಕಲಾವಿದರ ಕಾಲವ್ವಾ, ಜ್ವಾಕಿ ಮಾಡು" ಎಂದರು ಮೆಹಬೂಬಸಾಬರು. ಪಾಪ, ಅವರಿಗೇನು ಗೊತ್ತು.

ಎಣ್ಣೆ ತಂದು ನೆಲಕ್ಕೆ ಕೂತೆ. ನೋವಿದ್ದದ್ದು ನನ್ನ ಬಲಗಾಲಲ್ಲಿ, ಮಡಚಲೂ ಆಗುತ್ತಿರಲಿಲ್ಲ. ನಮ್ಮವರು ಪ್ಯಾಂಟು ಮೇಲೆ ಸರಿಸಿ ಎಡಗಾಲು ಚಾಚಿದರು. ಇಷ್ಟು ದಿನ ಪಕ್ಕದಲ್ಲೇ ಕೂತು ನುಡಿಸಿದವರಿಗೆ, ನಾನು ತುಳಿಯುವುದು ಯಾವ ಕಾಲಿನಿಂದ ಎಂಬುದೂ ಗೊತ್ತಿರಲಿಲ್ಲ.