ಬಾಗಿಲ ಎಡಕ್ಕೆ ತೋಡಿದ ಗುಂಡಿ

ಗುದ್ದಲಿ ಹಿಡಿಯುವ ಮುಂಚೆ ಗ್ಯಾಸ್ ಆಫೀಸಿಗೆ ಫೋನ್ ಮಾಡುವುದು ವಸಿಸ್‌ನ ಅಭ್ಯಾಸ. ನಾಲ್ಕು ಮೆಣಸಿನ ಗಿಡ ನೆಡುವುದಕ್ಕೂ ಮಾಡಿದ್ದ. ಜಾವಾದ ಸಿದೊಅರ್ಜೊ ಊರಿನ ಆ ಗಲ್ಲಿಯಲ್ಲಿ ಪ್ರತಿ ಮನೆಯ ಅಂಗಳದಡಿಯೂ ಹಳದಿ ಪೈಪು ಮಲಗಿದೆ, ಅದಕ್ಕೆ ಹೆದರುವ ಪುಕ್ಕಲ ಇವನೊಬ್ಬನೇ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಆಡಿಕೊಳ್ಳುತ್ತಿದ್ದವನು ಅವನ ಸ್ವಂತ ಅಣ್ಣ ಪರ್ಯಾದಿ. ಎಡಗಡೆ ಗೋಡೆಯಾಚೆ ಅವನ ಮನೆ; ಕೊಳದಷ್ಟು ದೊಡ್ಡ ಬಾಣಲೆಯಿಟ್ಟು ಸಿಗಡಿ ಹಪ್ಪಳ ಕರಿದು ಪೇಟೆಗೆ ಹಾಕುತ್ತಿದ್ದ.

ಬಸುರಿ ಹೆಂಡತಿ ಲರಸ್‌ಗೆ ಒಂಬತ್ತು ತಿಂಗಳು ತುಂಬಿದಾಗ ವಸಿಸ್ ಮತ್ತೆ ಫೋನ್ ಮಾಡಿದ. ಅಲ್ಲಿಯವರ ನಂಬಿಕೆಯಲ್ಲಿ ಮಗುವಿನ ಬೆನ್ನಿಗೇ ಬರುವ ಮಾಸು ಅದರ ಒಡಹುಟ್ಟು. ಅದನ್ನು ಅಪ್ಪನೇ ಕೈಯಾರೆ ಬಾಗಿಲ ಪಕ್ಕ ಹೂಳಬೇಕು, ಗಂಡಾದರೆ ಬಲಕ್ಕೆ, ಹೆಣ್ಣಾದರೆ ಎಡಕ್ಕೆ. ಆ ಜಾಗದಲ್ಲಿ ಮೂವತ್ತೈದು ದಿನ ದೀಪ ಉರಿಯಬೇಕು. ಗ್ಯಾಸ್ ಪೈಪಿನ ಮೇಲೆ ದೀಪ ಹಚ್ಚುವ ಧೈರ್ಯ ವಸಿಸ್‌ಗಿರಲಿಲ್ಲ, ಇರಲೂಬಾರದು.

ಆಫೀಸಿನವನು ನಕ್ಷೆ ಹಿಡಿದು ಬಂದು ಬಾಗಿಲ ಬಲಗಡೆ ಸಾಲಾಗಿ ಹಳದಿ ಗೂಟ ನೆಟ್ಟ. ಗೂಟದ ಹತ್ತಿರ ಹಾರೆ ಎತ್ತಬೇಡಿ, ಪೈಪು ಕಣ್ಣಿಗೆ ಬೀಳುವ ತನಕ ಕರಣೆಯಲ್ಲಿ ಮೆಲ್ಲಗೆ ಕೆರೆಯಿರಿ ಎಂದ. ವಾಸನೆ ಬಂದರೆ ಬೆಂಕಿ, ಸ್ವಿಚ್ಚು ಯಾವುದನ್ನೂ ಮುಟ್ಟದೆ ಎಲ್ಲರನ್ನೂ ಬೀದಿಗೆ ಕರೆದೊಯ್ದು, ದೂರದಿಂದ ಫೋನ್ ಮಾಡಿ ಎಂದ. ಎಡಗಡೆ ನಕ್ಷೆಯಲ್ಲಿ ಏನೂ ಇರಲಿಲ್ಲ. ಹೋಗುವ ಮುಂಚೆ, ನಮಗೆ ಗೊತ್ತಿಲ್ಲದ ಪೈಪು ಯಾರಾದರೂ ಎಳೆಸಿದ್ದೀರಾ ಎಂದು ಕೇಳಿದ.

ನೋಡಲು ನೆರೆದಿದ್ದವರ ನಡುವಿನಿಂದ ಉತ್ತರ ಕೊಟ್ಟವನು ಪರ್ಯಾದಿ. "ಇಲ್ಲಿ ನಲ್ಲಿ ಪೈಪೇ ನೆಟ್ಟಗಿಲ್ಲ, ಗ್ಯಾಸ್ ಪೈಪ್ ಯಾರು ಎಳೆಸ್ತಾರೆ ಸಾರ್?"

ಎಲ್ಲರೂ ನಕ್ಕರು, ವಸಿಸ್ ಕೂಡ. ಅಪ್ಪ ಸತ್ತ ಮೇಲೆ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದ ಅಣ್ಣ. ಅವನ ಮಾತನ್ನು ಅನುಮಾನಿಸುವುದು ಹೇಗೆ?

ಮಂಗಳವಾರ ನಸುಕಿಗೆ ಗಲ್ಲಿಯ ಕೊನೆಯ ಸೂಲಗಿತ್ತಿಯ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಹತ್ತು ಗಂಟೆಗೆಲ್ಲ ತಾಯಿ ಮಗು ಮನೆಗೆ ಬಂದು ನಡುಮನೆಯಲ್ಲಿ ಮಲಗಿದ್ದರು. ವಸಿಸ್ ಮಾಸನ್ನು ತೊಳೆದು, ಉಪ್ಪು, ಹೂವಿನ ಜೊತೆ ಕುಡಿಕೆಯಲ್ಲಿಟ್ಟು ಬಾಯಿ ಕಟ್ಟಿದ. ಅಷ್ಟರಲ್ಲಿ ಪರ್ಯಾದಿ ಬಂದು, ಈಗೆಲ್ಲ ಎಡ ಬಲ ಯಾರು ನೋಡುತ್ತಾರೆ, ಹಿತ್ತಲಲ್ಲಿ ಹೂಳು ಎಂದ. ಬಾಣಂತನಕ್ಕೆಂದು ಬಂದಿದ್ದ ಅಮ್ಮ ಅವನ ಮೇಲೆ ಹರಿಹಾಯ್ದಳು. ಮೊಮ್ಮಗಳೇನು ಬೀದಿಯಲ್ಲಿ ಸಿಕ್ಕವಳೇ ಎಂದಳು.

"ಸರಿ, ಗೇಣುದ್ದ ತೋಡು ಸಾಕು. ಬಾವಿ ತೆಗೀತೀಯಾ?"

"ನಾಯಿ ಕೆದಕುತ್ತೆ ಅಣ್ಣ. ಮೊಳ ಆದ್ರೂ ಬೇಕು."

ಪರ್ಯಾದಿ ಏನೋ ಹೇಳಲು ಬಾಯಿ ತೆರೆದು, ಕೆಲಸವಿದೆ ಎಂದು ಹೊರಟುಹೋದ.

ಎಡಗಡೆ ಗೂಟವಿಲ್ಲವೆಂಬ ಧೈರ್ಯದಲ್ಲಿ ವಸಿಸ್ ಹಾರೆಯನ್ನು ಜೋರಾಗಿಯೇ ಹಾಕಿದ. ಎರಡು ಗೇಣು ಇಳಿದ ಮೇಲೆ ಏನೋ ಮೆತ್ತಗೆ ಸಿಕ್ಕಿತು. ಗೋಡೆ ಪಕ್ಕದ ನುಗ್ಗೆಮರದ ಬೇರಿರಬೇಕೆಂದು ಇನ್ನೊಂದು ಏಟು ಹಾಕಿದ. ಮಣ್ಣು ಬುಸ್ಸೆಂದು ಮುಖಕ್ಕೆ ಎರಚಿತು, ಹಿಂದೆಯೇ ವಾಸನೆ. ಬೆನ್ನ ಹಿಂದೆ ಅಮ್ಮ ದೀಪ ಸಜ್ಜು ಮಾಡಿ ಬೆಂಕಿಕಡ್ಡಿ ಹಿಡಿದು ನಿಂತಿದ್ದಳು. ಅವನು ಅವಳ ಮಣಿಕಟ್ಟು ಹಿಡಿದ.

"ಅಮ್ಮ, ಗೀರಬೇಡ. ನಡಿ, ಬೀದಿಗೆ ನಡಿ."

ಮಗುವನ್ನು ಅಮ್ಮನ ಕೈಗಿತ್ತು, ಹೆಜ್ಜೆ ಕಿತ್ತಿಡಲಾರದ ಲರಸ್‌ಳನ್ನು ಎತ್ತಿಕೊಂಡೇ ಗಲ್ಲಿಯ ತುದಿಗೆ ಓಡಿದ. ಅಲ್ಲಿಂದ ಫೋನ್ ಮಾಡಿದ. ಫೋನ್ ಇಡುತ್ತಿದ್ದಂತೆ ನೆನಪಾಯಿತು. ಗೋಡೆಯಾಚೆ ಅಣ್ಣನ ಒಲೆ! ಬೆಳಗಿನಿಂದ ಸಂಜೆಯವರೆಗೆ ಆರದ ಒಲೆ, ಅದರ ಪಕ್ಕದಲ್ಲೇ ಆಡುವ ಎರಡು ಮಕ್ಕಳು. ಲರಸ್ ಬೇಡವೆಂದು ಕೂಗುತ್ತಿದ್ದರೂ ಹಿಂದಕ್ಕೆ ಓಡಿದ.

ಅಣ್ಣನ ಬಾಗಿಲಿಗೆ ಬೀಗ ಬಿದ್ದಿತ್ತು. ಕಿಟಕಿಯಲ್ಲಿ ಇಣುಕಿದರೆ ಒಲೆ ಆರಿ, ಬಾಣಲೆ ಬೋರಲಾಗಿತ್ತು. ವಾಸನೆಗೆ ಹೆದರಿ ಮನೆ ಬಿಟ್ಟು ಓಡುತ್ತಿದ್ದ ಎದುರು ಮನೆಯ ಮುದುಕಿ ಅವನ ತೋಳು ಹಿಡಿದೆಳೆದಳು.

"ಅಲ್ಯಾರೂ ಇಲ್ಲ ಬಾರೋ. ನೀನು ಹಾರೆ ತಗೊಂಡೆಯಲ್ಲ, ಆವಾಗ್ಲೇ ಹೆಂಡ್ತಿ ಮಕ್ಕಳನ್ನ ಬೈಕಿಗೆ ಹತ್ತಿಸ್ಕೊಂಡು ಹೋದ."

ಆಫೀಸಿನವರು ಬಂದು ಗಲ್ಲಿಯ ಗ್ಯಾಸ್ ನಿಲ್ಲಿಸಿ, ಮಣ್ಣು ಸರಿಸಿ ನೋಡಿದರು. ವಸಿಸ್‌ನ ಪೈಪಿಗೆ ಯಾರೋ ಕಳ್ಳ ಕವಲು ಹಾಕಿದ್ದರು. ಅದು ಹೊಸಿಲ ಮುಂದೆ ಹಾದು, ಎಡಗೋಡೆಯಡಿ ನುಸುಳಿ, ನೇರವಾಗಿ ಹಪ್ಪಳದ ಒಲೆಗೆ ಹೋಗಿತ್ತು. ಲರಸ್ ತವರಿನಲ್ಲಿದ್ದ ವಾರದಲ್ಲಿ, ವಸಿಸ್ ಪಾಳಿಯ ಕೆಲಸದಲ್ಲಿದ್ದಾಗ ಆಗಿದ್ದು.

ಮಧ್ಯಾಹ್ನ ಪರ್ಯಾದಿ ಒಬ್ಬನೇ ಬಂದ. ವಸಿಸ್‌ನ ಮನೆಯವರೆಲ್ಲ ಇನ್ನೂ ಗಲ್ಲಿಯ ತುದಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಹೇಳಬೇಕೆಂದೇ ಇದ್ದೆ, ಆಫೀಸಿಗೆ ಗೊತ್ತಾದರೆ ಒಲೆಯೇ ಹೋಗುತ್ತದೆಂದು ಬಾಯಿ ಬರಲಿಲ್ಲ ಎಂದ. ಹಿತ್ತಲಲ್ಲಿ ಹೂಳು ಅಂದೆ, ಗೇಣುದ್ದ ಸಾಕು ಅಂದೆ, ನೀನೇ ಕೇಳಲಿಲ್ಲ ಎಂದ. ಕೊನೆಗೆ, ಪೈಪು ಬಹಳ ಆಳದಲ್ಲಿದೆ, ಏನೂ ಆಗುವುದಿಲ್ಲ ಎಂದು ನಂಬಿದ್ದೆ ಎಂದು ಆಣೆ ಇಟ್ಟ. ವಸಿಸ್ ದನಿ ಏರಿಸದೆ ಕೇಳಿದ.

"ಏನೂ ಆಗಲ್ಲ ಅಂತ ನಂಬಿದ್ದೆ ಅಲ್ವಾ ಅಣ್ಣ?"

"ಹೌದು ಕಣೋ."

"ಮತ್ತೆ ನಿನ್ನ ಮಕ್ಕಳನ್ನ ಯಾಕೆ ಕರ್ಕೊಂಡು ಹೋದೆ?"

ಪರ್ಯಾದಿ ಅಮ್ಮನ ಮುಖ ನೋಡಿದ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವನು ಬಗ್ಗಿ, ಇನ್ನೂ ಒಮ್ಮೆಯೂ ಎತ್ತಿಕೊಳ್ಳದ ಮಗುವಿನ ಕಡೆ ಕೈ ಚಾಚಿದ. ವಸಿಸ್ ಮಗುವನ್ನು ತಾನೇ ಎತ್ತಿಕೊಂಡು ಎದ್ದು ದೂರ ಹೋಗಿ ನಿಂತ.