ಮುಂದಿನ ಸಾಲನ್ನು ನೋಡಬೇಡ

ಮತ್ತೆ ಹಳದಿ ಗೆರೆ. ಸಾಲಿನ ಕೆಳಗೆ ಹಾವಿನ ಮರಿಯ ಹಾಗೆ ಡೊಂಕಾಗಿ ಹರಿದು ನಿಂತಿತು. ಅವನು ಅದರ ಮೇಲೆ ಮೌಸ್ ಇಟ್ಟ. ‘ಈ ಹೆಸರು ಎಲ್ಲೂ ಸಿಗುತ್ತಿಲ್ಲ’ ಎಂದಿತು, ಅವನು ಪ್ರೋಗ್ರಾಂ ಬರೆಯುವ ಎಡಿಟರ್. ಹೆಸರು ಎರಡು ಸಾಲು ಮೇಲೆ, ಕಣ್ಣೆದುರೇ ಇತ್ತು.

ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಸರಿಯಾಗಿಯೇ ಇತ್ತು. ಪ್ರೋಗ್ರಾಂ ಓಡಿಸಿದ, ಓಡಿತು. ಆದರೂ ಗೆರೆ ಇರುವಷ್ಟು ಹೊತ್ತು ಅವನಿಗೆ ಉಸಿರು ಪೂರ್ತಿ ಕೆಳಗಿಳಿಯುವುದಿಲ್ಲ. ಹಗಲು ಅಂಗಡಿಯಲ್ಲಿ ದುಡಿದು ಸಂಜೆಯ ತರಗತಿಯಲ್ಲಿ ಕಲಿತವನು. ಕೊನೆಯ ಬೆಂಚಿನಲ್ಲಿ ತಾನು ತೂಕಡಿಸಿದ ಯಾವುದೋ ಗಳಿಗೆಯಲ್ಲೇ ಮೇಷ್ಟ್ರು ಮುಖ್ಯವಾದದ್ದನ್ನು ಹೇಳಿಬಿಟ್ಟಿದ್ದಾರೆ, ಉಳಿದವರಿಗೆಲ್ಲ ಅದು ಗೊತ್ತಿದೆ ಎಂಬ ಅನುಮಾನ ಇನ್ನೂ ಹೋಗಿರಲಿಲ್ಲ.

ಸಾಲಿನ ತಲೆಯ ಮೇಲೆ ಒಂದು ಟಿಪ್ಪಣಿ ಟೈಪ್ ಮಾಡಿದ. ಅದರ ಅರ್ಥ ಇಷ್ಟೇ: ಮುಂದಿನ ಸಾಲನ್ನು ನೋಡಬೇಡ. ಗೆರೆ ಮಾಯವಾಯಿತು.

“ಮತ್ತೆ ಬಾಯಿ ಮುಚ್ಚಿಸಿದ್ಯಾ?” ಪಕ್ಕದ ಮೇಜಿನಿಂದ ಕಾಮಾ ಅಕ್ಕ ಕೇಳಿದಳು.

ಸೇರಿದ ಹೊಸದರಲ್ಲಿ ಅವನು ಇಡೀ ದಿನ ಹುಡುಕಿದರೂ ಸಿಗದ ಒಂದು ಕಾಮಾವನ್ನು, ಕೈಯಲ್ಲಿನ ಟೀ ಲೋಟ ಕೆಳಗಿಡದೆ ತೋರಿಸಿದವಳು. ಅಂದಿನಿಂದ ಆ ಹೆಸರು.

“ಮುಚ್ಚಿಸದಿದ್ರೆ ತಲೆ ತಿನ್ನುತ್ತೆ ಅಕ್ಕ.”

“ತಿನ್ಲಿ ಬಿಡು, ನಮ್ಮತ್ತೆ ತಿಂದದ್ದಕ್ಕಿಂತ ಜಾಸ್ತಿ ತಿನ್ನುತ್ತಾ? ಪ್ರೋಗ್ರಾಂ ಭಾಷೆ ಬದಲಾಗಿದೆ, ಎಡಿಟರ್‌ನಲ್ಲಿ ತಪ್ಪು ಹುಡುಕೋ ಆ ಎಕ್ಸ್‌ಟೆನ್ಷನ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮುಟ್ಟೋ ತನಕ ಬಡ್ಕೊಳ್ಳುತ್ತೆ. ತಪ್ಪೇ ಮಾಡದ ಸಾಲಿಗೆ ನಾನ್ಯಾಕೆ ಮುಸುಕು ಹಾಕ್ಲಿ?”

ಅವಳ ಪರದೆಯ ತುಂಬ ಹಳದಿ. ಅದರ ನಡುವೆಯೇ ಅವಳು ಏನನ್ನೋ ಗುನುಗಿಕೊಂಡು ಟೈಪ್ ಮಾಡುತ್ತಿದ್ದಳು.

ಲಾಂಡ್ರಿಗಳಿಗಾಗಿ ಬರೆಯುತ್ತಿದ್ದ ಪ್ರೋಗ್ರಾಂ ಅದು. ಒಗೆಯಲು ಬಂದ ಒಬ್ಬರ ಬಟ್ಟೆ ಇನ್ನೊಬ್ಬರ ಗಂಟಿಗೆ ಸೇರದಂತೆ ನೋಡಿಕೊಳ್ಳುತ್ತದೆ. ಅರ್ಧ ಅವನದು, ಅರ್ಧ ಅವಳದು. ಕೆಲಸ ಮುಗಿಯುತ್ತ ಬಂದಿತ್ತು. ಇನ್ನು ಮುಂದೆ ಒಬ್ಬರು ಸಾಕು. ಯಾರು ಉಳಿಯುವುದೆಂದು ಈ ದಿನವೇ ತೀರ್ಮಾನ. ಇಬ್ಬರಿಗೂ ಗೊತ್ತಿತ್ತು. ಬೆಳಗಿನಿಂದ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಅವನೊಬ್ಬನನ್ನೇ ಕರೆಸಿದರು. ಅವರ ಪರದೆಯ ಮೇಲೆ ಇಬ್ಬರ ಫೈಲುಗಳೂ ಪಕ್ಕಪಕ್ಕ ತೆರೆದಿದ್ದವು.

“ಇದು ನಿಂದು. ಕ್ಲೀನ್. ಇದು ಅವರದು. ಏನಪ್ಪಾ ಇದು, ಕಾಮಾಲೆ ಹಿಡಿದ ಹಾಗಿದೆ?”

ಅವನು ನಕ್ಕ. ನಗಬಾರದಿತ್ತು.

“ಇಷ್ಟೊಂದು ಎಚ್ಚರಿಕೆ ಬರ್ತಿದ್ರೆ ತಪ್ಪು ಇರ್ಲೇಬೇಕಲ್ವಾ?”

ಹೇಳಬೇಕಾದ್ದು ಎರಡೇ ಮಾತು. ಅವು ಸುಳ್ಳು ಎಚ್ಚರಿಕೆಗಳು. ನನ್ನ ಸಾಲುಗಳಲ್ಲೂ ಇದ್ದವು, ಮುಚ್ಚಿಟ್ಟಿದ್ದೇನೆ. ಮೊದಲನೆಯದನ್ನು ಆಡಿದರೆ ಎರಡನೆಯದು ಅದರ ಬಾಲ ಹಿಡಿದು ಬಂದುಬಿಡುತ್ತಿತ್ತು. ಮತ್ತೆ, ಅವು ಖಂಡಿತ ಸುಳ್ಳೇ? ಅಕ್ಕ ಹೇಳಿದಳೆಂದು ತಾನು ನಂಬಿದ್ದಲ್ಲವೆ? ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಅಪ್ರಾಮಾಣಿಕತೆ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಮಾಧಾನವೂ ಆಯಿತು.

“ನೋಡ್ಬೇಕು ಸರ್.”

“ನೋಡ್ಬೇಕು ಅಂದ್ರೆ?”

“ಖಚಿತವಾಗಿ ಹೇಳೋಕಾಗಲ್ಲ.”

“ಸರಿ ಬಿಡು.”

ಆ ‘ಸರಿ’ ಯಾವುದಕ್ಕೆಂದು ಅವನಿಗೆ ಗೊತ್ತಾಯಿತು. ಗೊತ್ತಾಗದವನ ಹಾಗೆ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದ.

ಆಮೇಲೆ ಅಕ್ಕ ಒಳಗೆ ಹೋದಳು, ಬೇಗನೆ ಬಂದಳು. ಕುರ್ಚಿಗೆ ನೇತುಹಾಕಿದ್ದ ಸ್ವೆಟರ್ ಮಡಿಸಿದಳು. ಮೇಜಿನ ಕೆಳಗಿನ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡಳು.

“ನಿನ್ನ ಕೇಳಿದ್ರಂತೆ.”

“ಹೂಂ.”

“ಏನಂದೆ?”

“ನಾನೇನೂ ಅನ್ಲಿಲ್ಲ ಅಕ್ಕ.”

“ಅದೇ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. “ನನ್ನ ಸಾಲುಗಳಿಗೆ ಮಾತ್ರ ಮುಸುಕು ಹಾಕ್ಬೇಡ ಕಣೋ. ಅಷ್ಟು ಮಾಡು.”

ಲಿಫ್ಟಿನವರೆಗಾದರೂ ಹೋಗಬೇಕೆಂದು ಅವನು ಎದ್ದ. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ, ನಿಂತಿದ್ದಕ್ಕೆ ಕಾರಣ ಬೇಕಲ್ಲ ಎಂದು ಕಿಟಕಿ ಹಾಕಿ ಬಂದು ಕೂತ. ಹೆಂಡತಿಯ ಫೋನ್ ಬಂತು.

“ಏನಾಯ್ತು ರೀ?”

“ಉಳ್ಕೊಂಡೆ.”

“ಅಬ್ಬಾ! ಮತ್ತೆ ಪಾಪ, ಅಕ್ಕ?”

“ಅವರು… ಬೇರೆ ಕಡೆ ನೋಡ್ಕೋತಾರೆ.”

“ಯಾಕೆ, ಧ್ವನಿ ಒಂಥರಾ ಇದೆ?”

“ಏನಿಲ್ಲ.”

ಅವಳು ಮುಂದೆ ಕೇಳಲಿಲ್ಲ. ಅವಳಿಗೂ ರೂಢಿಯಾಗಿತ್ತು.

ಸಂಜೆ ಪರದೆಯ ಮೂಲೆಯಲ್ಲಿ ಒಂದು ಚೌಕ ಮೂಡಿತು. ಎಕ್ಸ್‌ಟೆನ್ಷನ್‌ನ ಹೊಸ ಆವೃತ್ತಿ ಬಂದಿದೆ. ಒತ್ತಿದ. ಎಡಿಟರ್ ಮುಚ್ಚಿಕೊಂಡು ಮತ್ತೆ ತೆರೆದುಕೊಂಡಿತು. ಈಗ ಅವನ ಪಾಲಿಗೆ ಬಂದಿದ್ದ ಅಕ್ಕನ ಫೈಲು ಎದುರಿಗಿತ್ತು. ಮೇಲಿಂದ ಕೆಳಗೆ ಎಳೆದು ನೋಡಿದ. ಹಳದಿ ಇರಲಿಲ್ಲ. ಒಂದು ಗೆರೆಯೂ ಇರಲಿಲ್ಲ. ಅವಳ ಸಾಲುಗಳು ಒಗೆದು ಒಣಹಾಕಿದ ಬಟ್ಟೆಯ ಹಾಗೆ ಬೆಳ್ಳಗೆ ನಿಂತಿದ್ದವು. ಯಾರೂ ಅವುಗಳನ್ನು ಮುಟ್ಟಿರಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಹೋಗಿ ತೋರಿಸಬಹುದಿತ್ತು.

ಅದಕ್ಕೂ ಮೊದಲು ತನ್ನ ಫೈಲು ತೆರೆದ.

ಅಲ್ಲಿ ಹಳದಿ ಹರಿದಾಡುತ್ತಿತ್ತು. ಪ್ರೋಗ್ರಾಂನ ಸಾಲುಗಳಿಗಲ್ಲ, ಅವನು ಹೊದಿಸಿದ ಒಂದೊಂದು ಟಿಪ್ಪಣಿಯ ಕೆಳಗೂ. ಮೌಸ್ ಇಟ್ಟ. ‘ಇಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ’ ಎಂದಿತು ಎಡಿಟರ್. ಈ ಸಲ ಅದು ಸುಳ್ಳು ಹೇಳುತ್ತಿರಲಿಲ್ಲ.

ಕೋಣೆಯ ದೀಪ ಆರಿತು. ಬೂಟಿನ ಸದ್ದು ಅವನ ಬೆನ್ನ ಕಡೆಗೇ ಬಂತು.

“ಇನ್ನೂ ಹೊರಟಿಲ್ವೇನಯ್ಯಾ?”

ಅವನು ಬಾಯಿ ತೆರೆದ. ಕೈ ಮಾತ್ರ ಅವನನ್ನು ಕೇಳದೆ ಮೊದಲ ಟಿಪ್ಪಣಿಯ ಮೇಲೆ ಹೊಸ ಸಾಲು ಟೈಪ್ ಮಾಡಿತು: ಮುಂದಿನ ಸಾಲನ್ನು ನೋಡಬೇಡ.

ಗೆರೆ ಮಾಯವಾಗಲಿಲ್ಲ. ಒಂದು ಸಾಲು ಮೇಲೇರಿ ಬಂದು, ಆಗಷ್ಟೇ ಬರೆದದ್ದರ ಕೆಳಗೂ ಮೆಲ್ಲಗೆ ಹರಿಯತೊಡಗಿತು.